ಅಮೆರಿಕದ ಕಂಪನಿ ಫೋನಿಗೆ ನಮ್ಮೂರ ಸಿಮ್: ಏನು ನಡೆಯುತ್ತದೆ, ಏನು ನಡೆಯುವುದಿಲ್ಲ?

ಪ್ರಶ್ನೆ: "ನಮ್ಮದು ಬನಹಟ್ಟಿ ಹತ್ರ ತೋಟದ ಮನಿರೀ. ಅಕ್ಕನ ಮಗ ಅಮೆರಿಕದ ಡಲ್ಲಾಸ್‌ನ್ಯಾಗ ಇರ್ತಾನ. ಈ ಸಲ ಊರಿಗೆ ಬಂದಾಗ ತಾನು ಬಳಸಿದ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್23 ನನಗ ಕೊಟ್ಟು ಹೋದ. ಅಲ್ಲಿ ಟಿ-ಮೊಬೈಲ್ ಕಂಪನಿಯಿಂದ ಕಂತಿನ ಮ್ಯಾಲೆ ತಗೊಂಡಿದ್ದಂತ. ನನ್ನ ಏರ್‌ಟೆಲ್ ಸಿಮ್ ಹಾಕಿದ್ರ ನೆಟ್‌ವರ್ಕ್ ಅನ್‌ಲಾಕ್ ಪಿನ್ ಕೇಳ್ತದ. ವಿಜಯಪುರದ ಒಂದು ಅಂಗಡ್ಯಾಗ 2,500 ರೂಪಾಯಿ ಕೊಟ್ರ ಅನ್‌ಲಾಕ್ ಮಾಡ್ತೀವಿ, ಆಮ್ಯಾಲೆ ಎಲ್ಲಾ ಸಿಮ್ಮಿನ ಎಲ್ಲಾ ಫೀಚರ್ ನಡೀತಾವು ಅಂದ್ರು. ಗೆಳ್ಯಾ ಒಬ್ಬ, ಅಮೆರಿಕದ ಫೋನಿನ್ಯಾಗ ಇಲ್ಲಿ ಕಾಲೇ ಹೋಗೂದಿಲ್ಲ, ಮಾರಿಬಿಡು ಅಂತಾನ. ನಮ್ಮ ತ್ವಾಟದಾಗ ಟವರ್ ಸರಿ ಸಿಗೂದಿಲ್ಲ, ಬಿಎಸ್‌ಎನ್‌ಎಲ್ ಫೈಬರ್ ಐತಿ. ವೈಫೈ ಕಾಲಿಂಗ್ ಬಂದ್ರ ಸಾಕಾಗಿತ್ತು. ಇನ್ನೊಂದು, ಅಪ್ಪಾರ ಹತ್ರ ಜಿಯೋಭಾರತ್ ಫೋನ್ ಐತಿ. ಅದಕ್ಕ ಬಿಎಸ್‌ಎನ್‌ಎಲ್ ಸಿಮ್ ಹಾಕಬಹುದೇನ್ರಿ?"

ಉತ್ತರ: ಮೊದಲು ಆ 2,500 ರೂಪಾಯಿ ಜೇಬಿನಲ್ಲೇ ಇರಲಿ. ಕಂತು ಪೂರ್ತಿ ತೀರಿದ್ದರೆ ಫೋನಿನ ಬೀಗವನ್ನು ಟಿ-ಮೊಬೈಲ್ ಕಂಪನಿಯೇ ದುಡ್ಡಿಲ್ಲದೆ ತೆಗೆದುಕೊಡುತ್ತದೆ. ಕಂತು ಬಾಕಿ ಇದ್ದರೆ ಅಂಗಡಿಯವರು ತೆಗೆದ ಬೀಗದ ಮೇಲೆ ಭರವಸೆ ಇಡಲಾಗದು. ಇನ್ನು "ಎಲ್ಲಾ ನಡೀತಾವು" ಎಂಬ ಅಂಗಡಿಯ ಮಾತೂ ನಿಜವಲ್ಲ, "ಕಾಲೇ ಹೋಗೂದಿಲ್ಲ" ಎಂಬ ಗೆಳೆಯರ ಮಾತೂ ಪೂರ್ತಿ ನಿಜವಲ್ಲ. ತಂದೆಯವರ ಫೋನಿನ ವಿಷಯದಲ್ಲಿ ಮಾತ್ರ ಉತ್ತರ ನೇರ: ಜಿಯೋಭಾರತ್‌ನಲ್ಲಿ ಬಿಎಸ್‌ಎನ್‌ಎಲ್ ಸಿಮ್ ನಡೆಯುವುದಿಲ್ಲ.

ಇಲ್ಲಿ ಗೊಂದಲ ಹುಟ್ಟುವುದು ಒಂದೇ ಕಾರಣಕ್ಕೆ. ಫೋನಿನ ಸೌಲಭ್ಯಗಳೆಲ್ಲ ಒಂದೇ ಜಾಗದಲ್ಲಿವೆ, ಅನ್‌ಲಾಕ್ ಮಾಡಿದರೆ ಎಲ್ಲವೂ ಒಟ್ಟಿಗೆ ಬಿಡುಗಡೆ ಆಗುತ್ತವೆ ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ. ಕೆಲವು ಫೋನಿನ ರೇಡಿಯೋ ಭಾಗದಲ್ಲಿರುತ್ತವೆ, ಕೆಲವು ಸಾಫ್ಟ್‌ವೇರಿನೊಳಗೆ ಆಯಾ ಕಂಪನಿಗೆಂದು ಬರೆದಿಟ್ಟ ಫೈಲಿನಲ್ಲಿರುತ್ತವೆ, ಕೆಲವು ಕಂಪನಿಯ ಸರ್ವರ್‌ನಲ್ಲಿರುತ್ತವೆ. ಬೀಗ ತೆಗೆದರೆ ಮನೆಯ ಬಾಗಿಲು ತೆರೆಯುತ್ತದೆ, ಒಳಗೆ ಕರೆಂಟು ಬೇಕಾದರೆ ಲೈನ್ ಬೇರೆ ಎಳೆಯಬೇಕು. ನಿಮಗೆ ಬೇಕಾದ ಸೌಲಭ್ಯ ಎಲ್ಲಿ ಕುಳಿತಿದೆ ಎಂದು ಗೊತ್ತಾದರೆ ಅದು ಬರುತ್ತದೋ ಇಲ್ಲವೋ ಎಂದು ಹೇಳುವುದು ಕಷ್ಟವಲ್ಲ.

ಬೀಗದಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ ಟಿ-ಮೊಬೈಲ್‌ನಂಥ ಕಂಪನಿ ಕಂತಿನ ಮೇಲೆ ಕೊಟ್ಟ ಫೋನನ್ನು ಸಾಲ ತೀರುವವರೆಗೆ ಬೇರೆ ಕಂಪನಿಯ ಸಿಮ್ ಒಪ್ಪದಂತೆ ಲಾಕ್ ಮಾಡಿರುತ್ತಾರೆ. ಇದನ್ನು ತೆಗೆಯುವ ಅಧಿಕಾರ ಆ ಕಂಪನಿಯ ಸರ್ವರ್‌ಗೆ ಇದೆ. ಫೋನಿಗೆ ಮನೆಯ ವೈಫೈ ಕೊಟ್ಟು, ಸೆಟ್ಟಿಂಗ್ಸ್, ಕನೆಕ್ಷನ್ಸ್, ಮೋರ್ ಕನೆಕ್ಷನ್ ಸೆಟ್ಟಿಂಗ್ಸ್, ನೆಟ್‌ವರ್ಕ್ ಅನ್‌ಲಾಕ್ ಎಂದು ಹೋಗಿ. ಅಲ್ಲಿ ಪರ್ಮನೆಂಟ್ ಅನ್‌ಲಾಕ್ ಆರಿಸಬೇಕು. ಟೆಂಪರರಿ ಎಂಬುದು ಪ್ರವಾಸಕ್ಕೆ ಹೋದವರಿಗೆ. ಅದನ್ನು ಒತ್ತಿದರೆ ಕೆಲವು ದಿನ ಚೆನ್ನಾಗಿ ನಡೆದು, ಅವಧಿ ಮುಗಿದ ಮೇಲೆ ಫೋನ್ ಮತ್ತೆ ಲಾಕ್ ಆಗುತ್ತದೆ, ಆಗ ಸಿಮ್ ಕೆಟ್ಟಿದೆ ಎಂದು ಜನ ಅಂಗಡಿ ಅಂಗಡಿ ಅಲೆಯುತ್ತಾರೆ. "ಅರ್ಹತೆ ಇಲ್ಲ" ಎಂಬರ್ಥದ ಸಂದೇಶ ಬಂದರೆ ನಿಮ್ಮ ಸೋದರಳಿಯನಿಗೆ ಫೋನ್ ಮಾಡಿ. ಖಾತೆ ಅವರ ಹೆಸರಿನಲ್ಲಿರುವುದರಿಂದ ಬಾಕಿ ಎಷ್ಟಿದೆ ಎಂದು ನೋಡಿ, ತೀರಿಸಿ, ಅನ್‌ಲಾಕ್‌ಗೆ ಕೇಳಬೇಕಾದವರು ಅವರೇ. ಅವರಿಗೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬೇಕಾಗುತ್ತದೆ. *#06# ಒತ್ತಿದರೆ 15 ಅಂಕಿಯ ಆ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಪಿನ್ ಕೇಳುವ ಜಾಗದಲ್ಲಿ ಮಾತ್ರ ಅಂದಾಜಿನ ಅಂಕಿ ಒತ್ತುತ್ತ ಕೂರಬೇಡಿ. ತಪ್ಪಿಗೆ ಮಿತಿ ಇದೆ, ಅದು ದಾಟಿದರೆ ಸರಿಯಾದ ಪಿನ್ ಬಂದರೂ ಫೋನ್ ಒಪ್ಪುವುದಿಲ್ಲ.

ಅಂಗಡಿಯಲ್ಲಿ ಏನು ಮಾಡುತ್ತಾರೆ? ಕೆಲವರು ಹೊರಗಿನ ಏಜೆಂಟರಿಗೆ ಐಎಂಇಐ ಕಳಿಸಿ ಕೋಡ್ ತರಿಸುತ್ತಾರೆ. ಕಂತು ಬಾಕಿ ಇದ್ದರೆ ಕಂಪನಿ ಮುಂದೆ ಆ ಫೋನನ್ನು ಕಪ್ಪುಪಟ್ಟಿಗೆ ಸೇರಿಸಬಹುದು. ಇನ್ನು ಕೆಲವರು ಬಾಕ್ಸ್ ಎಂಬ ಯಂತ್ರ ಜೋಡಿಸಿ ಐಎಂಇಐಯನ್ನೇ ಬದಲಿಸುತ್ತಾರೆ. ಇದು ಗಂಭೀರ ವಿಷಯ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಫೋನಿನ ಗುರುತಿನ ಸಂಖ್ಯೆ ತಿದ್ದಿದರೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿದ್ದಿದವರು ಅಂಗಡಿಯವರಾದರೂ ಫೋನ್ ಇರುವುದು ನಿಮ್ಮ ಕೈಯಲ್ಲಿ. ಈಗಾಗಲೇ ಯಾರಾದರೂ ಕೈ ಹಾಕಿದ್ದಾರೋ ಎಂಬ ಅನುಮಾನ ಇದ್ದರೆ ಪೆಟ್ಟಿಗೆಯ ಮೇಲಿನ ಐಎಂಇಐಯನ್ನೂ *#06# ಒತ್ತಿದಾಗ ಬರುವುದನ್ನೂ ಹೋಲಿಸಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ ಸಾಥಿ ಆ್ಯಪ್‌ನಲ್ಲೂ ಇದನ್ನು ನೋಡಬಹುದು. ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲಿ ಸಂಖ್ಯೆ ಎಂದು ಬಂದರೆ ಆ ಫೋನಿಗೆ ಮುಂದೆ ಒಂದು ಪೈಸೆ ಹಾಕಬೇಡಿ.

ಬೀಗ ಹೋಯಿತು ಅಂದುಕೊಳ್ಳಿ. ಮುಂದಿನದು ಬ್ಯಾಂಡ್. ಟವರ್ ಯಾವ ತರಂಗದಲ್ಲಿ ಮಾತಾಡುತ್ತದೋ ಆ ತರಂಗ ಫೋನಿನ ರೇಡಿಯೋಗೆ ಕೇಳಿಸಬೇಕು. ಜಿಯೋದ 4ಜಿ ನಡೆಯುವುದು ಬ್ಯಾಂಡ್ 3, 5, 40ರಲ್ಲಿ. ಏರ್‌ಟೆಲ್‌ನದು ಮುಖ್ಯವಾಗಿ 1, 3, 8, 40. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 1 ಮತ್ತು 28 ಬೇಕು. ಎಸ್23ರಂಥ ದುಬಾರಿ ಫೋನಿನಲ್ಲಿ ಬ್ಯಾಂಡಿನ ಕೊರತೆ ಸಾಮಾನ್ಯವಾಗಿ ಆಗುವುದಿಲ್ಲ. ತೊಂದರೆ ಬರುವುದು ಅಮೆರಿಕದ ಪ್ರೀಪೇಯ್ಡ್ ಕಂಪನಿಗಳು ಅಗ್ಗಕ್ಕೆ ಮಾರುವ ಫೋನಿನಲ್ಲಿ. ಅವುಗಳಲ್ಲಿ ಅಲ್ಲಿನ 2, 4, 12, 13, 66, 71 ತುಂಬಿರುತ್ತವೆ, ನಮ್ಮ 40 ಇರುವುದೇ ಇಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ: "ಎರಡೂ ಕಡೆ 700 ಮೆಗಾಹರ್ಟ್ಸ್ ತಾನೇ, ಬಿಎಸ್‌ಎನ್‌ಎಲ್ ಹಿಡಿಯುತ್ತದೆ" ಎಂದು. ಹೆಸರು ಒಂದೇ, ತರಂಗ ಬೇರೆ. ಅಮೆರಿಕದ ಬ್ಯಾಂಡ್ 13ರಲ್ಲಿ ಫೋನ್ ಟವರಿಗೆ ಕಳಿಸುವುದು 777ರಿಂದ 787ರಲ್ಲಿ. ನಮ್ಮ ಬ್ಯಾಂಡ್ 28ರಲ್ಲಿ ಫೋನ್ ಕಳಿಸುವುದು 703ರಿಂದ 748ರಲ್ಲಿ, ಟವರ್ ಕಳಿಸುವುದು 758ರಿಂದ 803ರಲ್ಲಿ. ಅಂದರೆ ಆ ಫೋನ್ ಮಾತಾಡುವ ಜಾಗದಲ್ಲಿ ನಮ್ಮ ಟವರ್ ಮಾತಾಡುತ್ತಿರುತ್ತದೆ. ಆದ್ದರಿಂದ ಮೆಗಾಹರ್ಟ್ಸ್ ನೋಡಬೇಡಿ, ಬ್ಯಾಂಡ್ ಸಂಖ್ಯೆ ನೋಡಿ. ಬ್ಯಾಂಡ್ ಇಲ್ಲದಿದ್ದರೆ ಯಾವ ರಿಪೇರಿಯೂ ಅದನ್ನು ತಂದುಕೊಡುವುದಿಲ್ಲ.

ಈಗ ನಿಜವಾದ ಸಿಕ್ಕಿನ ಜಾಗಕ್ಕೆ ಬಂದೆವು. ಹೊರದೇಶದ ಫೋನ್ ತಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ವೋಲ್ಟಿಯಲ್ಲಿ, ಅಂದರೆ ಕರೆಯನ್ನು 4ಜಿ ಮೇಲೆಯೇ ಕಳಿಸುವ ಸೌಲಭ್ಯದಲ್ಲಿ.

ಸಿಮ್ ಹಾಕಿದ ಕೂಡಲೇ ಫೋನ್ ಅದರೊಳಗಿನ ಚಂದಾದಾರ ಸಂಖ್ಯೆ ಓದುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿ ಮತ್ತು ವಲಯದ್ದು. ಕರ್ನಾಟಕದ ಏರ್‌ಟೆಲ್ ಅಂದರೆ 404-45. ಗಡಿಯಾಚೆ ಮಹಾರಾಷ್ಟ್ರದ ಏರ್‌ಟೆಲ್ 404-90. ಈ ಅಂಕಿ ಹಿಡಿದು ಫೋನ್ ತನ್ನ ಸಾಫ್ಟ್‌ವೇರಿನೊಳಗಿನ ಪಟ್ಟಿಯಲ್ಲಿ ಹುಡುಕುತ್ತದೆ: ಈ ಕಂಪನಿಗೆ ವೋಲ್ಟಿ ಹೇಗೆ ಜೋಡಿಸಬೇಕು, ವೈಫೈ ಕಾಲಿಂಗ್ ತೋರಿಸಬೇಕೋ ಬೇಡವೋ, 5ಜಿ ತೆರೆಯಬೇಕೋ ಬೇಡವೋ. ಪಟ್ಟಿಯಲ್ಲಿ ಆ ಕಂಪನಿಯ ಫೈಲ್ ಇದ್ದರೆ ಎಲ್ಲವೂ ತಾನಾಗಿ ಬರುತ್ತದೆ. ಇಲ್ಲದಿದ್ದರೆ ಯಂತ್ರಕ್ಕೆ ಸಾಮರ್ಥ್ಯ ಇದ್ದರೂ ಬಾಗಿಲು ಮುಚ್ಚಿಯೇ ಇರುತ್ತದೆ. ಇದಕ್ಕೆ ಎಲ್ಲರೂ ಕಂಡ ಉದಾಹರಣೆ ಐಫೋನ್. ಐಫೋನ್ 12ರಿಂದಲೇ 5ಜಿ ರೇಡಿಯೋ ಇತ್ತು, 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಶುರುವಾಯಿತು, ಆದರೆ ಆ ಡಿಸೆಂಬರ್‌ನಲ್ಲಿ ಐಒಎಸ್ 16.2 ಬರುವವರೆಗೆ ಸಾಮಾನ್ಯ ಬಳಕೆದಾರರಿಗೆ ಇಲ್ಲಿ 5ಜಿ ಸಿಗಲಿಲ್ಲ. ಯಂತ್ರವೂ ಅದೇ, ಟವರೂ ಅದೇ. ಬದಲಾದದ್ದು ಸಾಫ್ಟ್‌ವೇರ್ ಒಂದೇ.

ಸ್ಯಾಮ್ಸಂಗ್‌ನಲ್ಲಿ ಈ ಪಟ್ಟಿಯನ್ನು ಸಿಎಸ್‌ಸಿ ಎನ್ನುತ್ತಾರೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಾಫ್ಟ್‌ವೇರ್ ಇನ್ಫರ್ಮೇಶನ್‌ನಲ್ಲಿ ಸರ್ವಿಸ್ ಪ್ರೊವೈಡರ್ ಸಾಫ್ಟ್‌ವೇರ್ ವರ್ಷನ್ ಎಂಬ ಸಾಲು ಇದೆ. ಅದರಲ್ಲಿ ಓರೆಗೆರೆಗಳ ನಡುವೆ ಮೂರಕ್ಷರದ ಕೋಡ್‌ಗಳು ಕಾಣುತ್ತವೆ. ನಿಮ್ಮದರಲ್ಲಿ ಟಿಎಂಬಿ ಎಂದಿರಬೇಕು, ಅದು ಟಿ-ಮೊಬೈಲ್. ಯಾವ ಕಂಪನಿಗೂ ಸೇರದ ಅಮೆರಿಕದ ಫೋನಾದರೆ ಎಕ್ಸ್‌ಎಎ. ಇಲ್ಲಿ ಮಾರುವ ಫೋನಿನಲ್ಲಿ ಐಎನ್‌ಎಸ್. ಮಾಡೆಲ್ ಸಂಖ್ಯೆಯ ಕೊನೆಯಲ್ಲೂ ವ್ಯತ್ಯಾಸ ಇದೆ: ಅಮೆರಿಕದ ಕಂಪನಿ ಫೋನ್ ಯು, ಅಲ್ಲಿನ ಬಿಡಿ ಫೋನ್ ಯು1, ನಮ್ಮದು ಬಿ. ಯು ಫೋನಿನಲ್ಲಿ ಭಾರತದ ಕಂಪನಿಗಳ ಫೈಲ್ ಪೂರ್ತಿ ಇರುತ್ತದೆಂದು ಯಾರೂ ಖಾತರಿ ಕೊಡಲಾರರು. ಒಂದೇ ಮಾಡೆಲ್‌ನ ಎರಡು ಫೋನಿನಲ್ಲಿ ಅಪ್‌ಡೇಟ್ ಬೇರೆ ಇದ್ದರೂ ಫಲ ಬೇರೆ ಆಗಬಹುದು. ಅದಕ್ಕೇ ಮಾತಿಗಿಂತ ಪರೀಕ್ಷೆ ಮೇಲು.

ಪರೀಕ್ಷೆ ಹೀಗೆ. ಲಾಕ್ ತೆಗೆದ ಮೇಲೆ ಬಂದಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಏರ್‌ಟೆಲ್ ಸಿಮ್ ಹಾಕಿ ಒಮ್ಮೆ ಆಫ್ ಮಾಡಿ ಆನ್ ಮಾಡಿ. ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾ ಚಾಲೂ ಇಟ್ಟು, ಟವರ್ ಚೆನ್ನಾಗಿರುವ ಕಡೆ, ಅಂದರೆ ಬನಹಟ್ಟಿ ಪೇಟೆಯೊಳಗೆ ನಿಂತು, ಯಾರಿಗಾದರೂ ಕರೆ ಮಾಡಿ. ಮಾತಿನ ನಡುವೆಯೇ ಬ್ರೌಸರ್ ತೆರೆದು ಒಂದು ಪುಟ ಹುಡುಕಿ. ಪುಟ ಬಂದರೆ ವೋಲ್ಟಿ ಇದೆ. ಕರೆ ಹತ್ತಿದ ಕೂಡಲೇ ಮೇಲಿನ 4ಜಿ ಗುರುತು ಮಾಯವಾಗಿ ಇಂಟರ್ನೆಟ್ ನಿಂತುಹೋದರೆ ವೋಲ್ಟಿ ಇಲ್ಲ, ಕರೆ 2ಜಿಗೆ ಇಳಿದಿದೆ. ಏರ್‌ಟೆಲ್ 2020ರಲ್ಲೇ 3ಜಿ ಮುಚ್ಚಿದ್ದರಿಂದ ನಡುವೆ ಬೇರೆ ಮೆಟ್ಟಿಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಬಟನ್ ಕಾಣಲಿಲ್ಲ ಎಂದು ನಿರಾಶೆ ಬೇಡ. ಅಮೆರಿಕದ ಸಾಫ್ಟ್‌ವೇರಿನಲ್ಲಿ ಬಟನ್ ಬಚ್ಚಿಟ್ಟು, ಸೌಲಭ್ಯ ಮಾತ್ರ ಒಳಗೆ ನಡೆಯುವುದುಂಟು.

ಜಿಯೋ ಸಿಮ್‌ನಲ್ಲಿ ಇದರ ಪರಿಣಾಮ ಬೇರೆ. 2016ರಲ್ಲಿ ಶುರುವಾದಾಗಿನಿಂದ ಜಿಯೋಗೆ 2ಜಿ, 3ಜಿ ಎರಡೂ ಇಲ್ಲ. ಕರೆ 4ಜಿ ಮೇಲೆ ಇಲ್ಲವೇ 5ಜಿ ಮೇಲೆಯೇ ಹೋಗಬೇಕು. ಹಾಗಾಗಿ ವೋಲ್ಟಿ ಫೈಲ್ ಇಲ್ಲದ ಫೋನಿನಲ್ಲಿ ಜಿಯೋ ಇಂಟರ್ನೆಟ್ ಸರಾಗ ನಡೆಯುತ್ತದೆ, ಕರೆ ಮಾತ್ರ ಹೋಗುವುದೇ ಇಲ್ಲ. ನಿಮ್ಮ ಗೆಳೆಯರು ಕಂಡದ್ದು ಇದನ್ನೇ ಇರಬೇಕು. ಅದೇ ಫೋನಿಗೆ ಏರ್‌ಟೆಲ್ ಹಾಕಿದ್ದರೆ 2ಜಿಯಲ್ಲಾದರೂ ಕರೆ ಹೋಗುತ್ತಿತ್ತು.

ಇಂಟರ್ನೆಟ್ಟೇ ಬಾರದಿದ್ದರೆ ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್‌ಗೆ ಹೋಗುವ ದಾರಿಯ ಹೆಸರು, ನೋಡಿ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗವಿಲ್ಲದೆ. ಆದರೆ ವಿಡಿಯೊಗಳಲ್ಲಿ ತೋರಿಸುವ ಹಾಗೆ ಐಎಂಎಸ್ ಎಂಬ ಎಪಿಎನ್ ಸೇರಿಸಿದರೆ ವೋಲ್ಟಿ ಬರುತ್ತದೆ ಎನ್ನುವುದು ಸುಳ್ಳು. ಎಪಿಎನ್ ದಾರಿ ತೋರಿಸುತ್ತದೆ, ಆ ದಾರಿಯಲ್ಲಿ ಹೋಗಲು ಫೋನಿಗೆ ಅಪ್ಪಣೆ ಕೊಡುವುದು ಕಂಪನಿಯ ಫೈಲ್.

ವೋಲ್ಟಿ ಬರಲಿಲ್ಲ ಎಂದಾದರೆ ಉಳಿದ ದಾರಿ ಯಾವುವು? ಟಿಎಂಬಿ ಸಾಫ್ಟ್‌ವೇರ್ ತೆಗೆದು, ಅದೇ ಫೋನಿನ ಯು1 ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ಓಡಿನ್ ಎಂಬ ತಂತ್ರಾಂಶದ ಮೂಲಕ ಹಾಕುವುದು ಒಂದು. ಇದು ಸ್ಯಾಮ್ಸಂಗ್ ಸಹಿ ಇರುವ ಸಾಫ್ಟ್‌ವೇರೇ ಆದ್ದರಿಂದ ನಾಕ್ಸ್ ಎಂಬ ಸ್ಯಾಮ್ಸಂಗ್‌ನ ಭದ್ರತಾ ವ್ಯವಸ್ಥೆ ಒಡೆಯುವುದಿಲ್ಲ, ಟಿ-ಮೊಬೈಲ್‌ನ ಆ್ಯಪ್‌ಗಳೂ ಹೋಗುತ್ತವೆ. ಅಪಾಯ ಮೂರು. ಫೋನಿನಲ್ಲಿರುವ ಫೋಟೊ, ಮೆಸೇಜ್ ಎಲ್ಲ ಅಳಿಸಿಹೋಗಬಹುದು, ಬ್ಯಾಕಪ್ ಕಡ್ಡಾಯ. ಬಿಲ್ಡ್ ನಂಬರಿನ ಕೊನೆಯಿಂದ ಐದನೆಯ ಅಕ್ಷರ ಬೂಟ್‌ಲೋಡರ್ (ಫೋನ್ ಶುರು ಮಾಡುವ ಸಾಫ್ಟ್‌ವೇರ್) ಆವೃತ್ತಿ, ಹೊಸದಾಗಿ ಹಾಕುವುದರಲ್ಲಿ ಅದು ಈಗಿರುವುದಕ್ಕಿಂತ ಕಡಿಮೆ ಇದ್ದರೆ ಫೋನ್ ನಿರಾಕರಿಸುತ್ತದೆ. ಮತ್ತು ಇಷ್ಟೆಲ್ಲ ಆದ ಮೇಲೂ ವೋಲ್ಟಿ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ. ಇದರಿಂದ ಸಿಮ್ ಲಾಕ್ ಕೂಡ ಹೋಗುವುದಿಲ್ಲ, ಅದು ಇನ್ನೊಂದು ಜಾಗದಲ್ಲಿದೆ. ಭಾರತದ ಬಿ ಮಾಡೆಲ್‌ನ ಸಾಫ್ಟ್‌ವೇರ್ ಯು ಫೋನಿಗೆ ಕೂರುವುದಿಲ್ಲ. ಕೂರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಫೋನ್ ವಾಪಸ್ ತಗೊಂಡು ಬನ್ನಿ. ಸಹಿ ಇಲ್ಲದ ಸಾಫ್ಟ್‌ವೇರ್ ಹಾಕಿ ನಾಕ್ಸ್ ಒಡೆದರೆ ಸೆಕ್ಯೂರ್ ಫೋಲ್ಡರ್, ಸ್ಯಾಮ್ಸಂಗ್ ವಾಲೆಟ್ ಶಾಶ್ವತವಾಗಿ ಹೋದವು, ಮತ್ತೆ ಸರಿಪಡಿಸುವ ಉಪಾಯವಿಲ್ಲ. ನನ್ನ ಸಲಹೆ: ಏರ್‌ಟೆಲ್‌ನಲ್ಲಿ ವೋಲ್ಟಿ ಬಂದರೆ ಫೋನನ್ನು ಇದ್ದ ಹಾಗೆ ಬಳಸಿ. ಬರದಿದ್ದರೆ ಮಾತ್ರ ಯು1 ಹಾಕುವ ವಿಚಾರ ಮಾಡಿ, ಅದೂ ಈ ಕೆಲಸ ಬಲ್ಲವರ ಕೈಯಲ್ಲಿ.

ತೋಟದ ಮನೆಯ ವೈಫೈ ಕಾಲಿಂಗ್ ಬಗ್ಗೆ ಒಂದು ಒಳ್ಳೆಯ ಸಂಗತಿ ಇದೆ. ಏರ್‌ಟೆಲ್ ಸಿಮ್‌ಗೆ ಏರ್‌ಟೆಲ್ ಬ್ರಾಡ್‌ಬ್ಯಾಂಡೇ ಬೇಕು ಎಂಬುದಿಲ್ಲ, ನಿಮ್ಮ ಬಿಎಸ್‌ಎನ್‌ಎಲ್ ಫೈಬರ್ ನಡೆಯುತ್ತದೆ. ಫೋನ್ ಅದೇ 404-45 ಅಂಕಿಗಳಿಂದ ಏರ್‌ಟೆಲ್ ಸರ್ವರಿನ ವಿಳಾಸ ಕಟ್ಟಿಕೊಂಡು, ಇಂಟರ್ನೆಟ್ ಮೇಲೆ ಭದ್ರವಾದ ಸುರಂಗ ತೋಡಿ ಕರೆ ಕಳಿಸುತ್ತದೆ. ಆದರೆ ಇದಕ್ಕೂ ಫೋನಿನಲ್ಲಿ ಆ ಕಂಪನಿಯ ಫೈಲ್ ಬೇಕು. ವೋಲ್ಟಿ ಬಂದು ವೈಫೈ ಕಾಲಿಂಗ್ ಬಾರದ ಹೊರದೇಶದ ಫೋನ್‌ಗಳು ಸಾಕಷ್ಟಿವೆ. ಸೆಟ್ಟಿಂಗ್ಸ್, ಕನೆಕ್ಷನ್ಸ್‌ನಲ್ಲಿ ವೈಫೈ ಕಾಲಿಂಗ್ ಇದ್ದರೆ ಚಾಲೂ ಮಾಡಿ. ನಂತರ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನೇ ಮತ್ತೆ ಚಾಲೂ ಮಾಡಿ, ಎರಡು ನಿಮಿಷ ಬಿಟ್ಟು ಕರೆ ಮಾಡಿ. ಕರೆ ಹೋದರೆ ಅದು ವೈಫೈ ಮೇಲೆಯೇ ಹೋಗಿದೆ, ಅನುಮಾನ ಬೇಡ. ಬಟನ್ ಇದ್ದೂ ಕರೆ ಹೋಗದಿದ್ದರೆ ಮೊದಲು ಫೋನಿನಲ್ಲಿ ವಿಪಿಎನ್ ಇದ್ದರೆ ತೆಗೆಯಿರಿ. ಆಮೇಲೆ ರೂಟರ್ ನೋಡಿ. ಆ ಸುರಂಗಕ್ಕೆ ಯುಡಿಪಿ 500 ಮತ್ತು 4500 ಎಂಬ ಎರಡು ಪೋರ್ಟ್ ತೆರೆದಿರಬೇಕು. ಫೈಬರ್ ಹಾಕಿಕೊಟ್ಟವರಿಗೆ ಐಪಿಸೆಕ್ ಪಾಸ್‌ಥ್ರೂ ಚಾಲೂ ಮಾಡಿ ಎಂದರೆ ಅರ್ಥವಾಗುತ್ತದೆ.

ಏನೂ ಆಗಲಿಲ್ಲ ಎಂದರೆ ಏರ್‌ಟೆಲ್ ಸಿಮ್ಮನ್ನು ಇಲ್ಲಿ ಕೊಂಡ, ವೈಫೈ ಕಾಲಿಂಗ್ ಇರುವ ಸಾಧಾರಣ ಫೋನಿಗೆ ಹಾಕಿ ಮನೆಯಲ್ಲಿಡುವುದೇ ಸರಿ. ಎಸ್23 ಇಂಟರ್ನೆಟ್‌ಗೆ, ಕ್ಯಾಮೆರಾಕ್ಕೆ ಇರಲಿ. ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಅಲ್ಲದೆ ಸುತ್ತಲಿನ ತೋಟದವರ ಸಿಗ್ನಲ್ಲೂ ಕೆಡುತ್ತದೆ.

ಟಿ-ಮೊಬೈಲ್‌ನದೇ ಆದ ಸೌಲಭ್ಯಗಳು, ಉದಾಹರಣೆಗೆ ವಿಶುವಲ್ ವಾಯ್ಸ್‌ಮೇಲ್, ಮೋಸದ ಕರೆ ತಡೆಯುವ ಸ್ಕ್ಯಾಮ್ ಶೀಲ್ಡ್, ಅವರ ಸರ್ವರ್‌ನಲ್ಲಿವೆ. ಆ ಸಿಮ್ ಹೋದ ದಿನ ಅವೂ ಹೋದವು, ಐಕಾನ್ ಉಳಿದಿರುತ್ತದೆ ಅಷ್ಟೇ, ಡಿಸೇಬಲ್ ಮಾಡಿಬಿಡಿ. ಇದೇ ನಿಯಮ ನಿಮಗೆ ಲಾಭವೂ ಹೌದು: ಅನುಮಾನದ ಕರೆಗೆ ಏರ್‌ಟೆಲ್ 2024ರಿಂದ ಕೊಡುತ್ತಿರುವ ಸ್ಪ್ಯಾಮ್ ಎಚ್ಚರಿಕೆ ಏರ್‌ಟೆಲ್ ನೆಟ್‌ವರ್ಕಿನಲ್ಲೇ ಇರುವುದರಿಂದ ಅಮೆರಿಕದ ಫೋನಿಗೂ ಬರಬೇಕು. ಕರೆ ರೆಕಾರ್ಡಿಂಗ್ ಬಟನ್ ಇದ್ದೇ ಇರುತ್ತದೆ ಎಂದು ನಂಬಬೇಡಿ. ಸ್ಯಾಮ್ಸಂಗ್ ಅದನ್ನು ಕೋಡ್ ನೋಡಿ ಕೊಡುತ್ತದೆ, ಐಎನ್‌ಎಸ್‌ನಲ್ಲಿ ಇದ್ದದ್ದು ಟಿಎಂಬಿಯಲ್ಲಿ ಇಲ್ಲದಿರಬಹುದು.

ಎಸ್23ರಲ್ಲಿ ಒಂದು ಸಿಮ್ ಜಾಗ, ಜೊತೆಗೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಇ-ಸಿಮ್ ಇದೆ. ಲಾಕ್ ಇದ್ದಾಗ ಇ-ಸಿಮ್ಮಿಗೂ ಅದೇ ಲಾಕ್, ಅಲ್ಲಿಂದ ನುಸುಳಲು ಆಗುವುದಿಲ್ಲ. ಮುಂದೆ ಎರಡನೇ ನಂಬರನ್ನು ಇ-ಸಿಮ್ ಮಾಡುವುದಾದರೆ ನೆನಪಿಡಿ, ಸಿಮ್ ಬದಲಾದ ಮೇಲೆ 24 ಗಂಟೆ ಮೆಸೇಜ್ ಬರುವುದಿಲ್ಲ, ಹೋಗುವುದಿಲ್ಲ. ಬ್ಯಾಂಕಿನ ಒಟಿಪಿ ಬೇಕಾದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊನೆಗೆ ತಂದೆಯವರ ಫೋನ್. ಜಿಯೋಭಾರತ್ ಅನ್ನು 2023ರಲ್ಲಿ 999 ರೂಪಾಯಿಗೆ ತಂದದ್ದೇ ಜಿಯೋ ಸಿಮ್‌ಗೆಂದು. ಅದರ ಬೀಗಕ್ಕೆ ಅಮೆರಿಕದವರ ಹಾಗೆ ಕಂತು ತೀರಿದ ಮೇಲೆ ತೆಗೆದುಕೊಡುವ ವ್ಯವಸ್ಥೆ ಇಲ್ಲ. ಅದರೊಳಗಿನ ಟಿವಿ, ಯುಪಿಐ ಕೂಡ ಜಿಯೋ ಖಾತೆಗೆ ಅಂಟಿಕೊಂಡಿವೆ. ಇಲ್ಲಿ ಮುಖ್ಯ ಎಚ್ಚರಿಕೆ ಒಂದಿದೆ: ಆ ನಂಬರನ್ನು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದರೆ, ಅಂದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದರೆ, ಫೋನ್ ಅದೇ ದಿನ ಕೆಲಸಕ್ಕೆ ಬಾರದಾಗುತ್ತದೆ. ಆದ್ದರಿಂದ ಮೊದಲು ಬೇರೆ ಫೋನ್ ತನ್ನಿ, ಆಮೇಲೆ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಿ. ಬಂದ ಕೋಡ್ ನಮ್ಮ ವಲಯದಲ್ಲಿ 4 ದಿನ ನಡೆಯುತ್ತದೆ. ತರುವ ಫೋನ್ ಯಾವ ಕಂಪನಿಗೂ ಕಟ್ಟಿಲ್ಲದ 4ಜಿ ಕೀಪ್ಯಾಡ್ ಫೋನ್ ಆಗಿರಲಿ, ಪೆಟ್ಟಿಗೆಯ ಮೇಲೆ ವೋಲ್ಟಿ ಎಂದಿರಲಿ, ಬ್ಯಾಂಡ್ 28 ಇದೆಯೇ ಎಂದು ಕೇಳಿ. ದುಡ್ಡು ಕೊಡುವ ಮುನ್ನ ಮನೆಯಲ್ಲಿ ಯಾರದಾದರೂ ಬಿಎಸ್‌ಎನ್‌ಎಲ್ 4ಜಿ ಸಿಮ್ ಇದ್ದರೆ ಒಯ್ದು, ಅಂಗಡಿಯಲ್ಲೇ ಹಾಕಿ ಒಂದು ಕರೆ ಮಾಡಿ ನೋಡಿ.